ನೆಂಟರನ್ನು ಓಡಿಸಿದ ಪಾಸ್‌ವರ್ಡ್

ಆಸ್ಪತ್ರೆಯೊಂದರ ವೆಬ್‌ಸೈಟ್ ನೋಡಿಕೊಳ್ಳುವ ನಮ್ಮ ಕಚೇರಿಯಲ್ಲಿ ಮಾತಿನಮಲ್ಲಿ ಎಂದರೆ ನನ್ನ ಪಕ್ಕದ ಮೇಜಿನವಳು. ಪರದೆಯ ಮೇಲೆ ಮೂಡುವ ಪುಟ್ಟ ಸೂಚನೆಗಳನ್ನು ಬರೆಯುವುದು ಅವಳ ಕೆಲಸ. ಪಟ್ಟು ಹಿಡಿದಳೆಂದರೆ ಬಿಡುವ ಪೈಕಿಯಲ್ಲ.

ಅವಳ ಅಕ್ಕ ಅದೇ ವೆಬ್‌ಸೈಟಿನ ತನ್ನ ಖಾತೆಗೆ ಮಗಳ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದಳು. ‘ದುರ್ಬಲ’ ಎಂದು ಕೆಂಪು ಪಟ್ಟಿಯೇನೋ ಹೇಳಿತ್ತು, ಅದನ್ನು ಯಾರು ಓದುತ್ತಾರೆ? ನಾದಿನಿ ಅದನ್ನು ಊಹಿಸಿ ಒಳಹೊಕ್ಕು ಅಕ್ಕನ ವರದಿ ಓದಿದಳು. ಎದೆಯ ಗಂಟಿನ ವಿಷಯ ಅಕ್ಕ ಗಂಡನಿಗೆ ಹೇಳುವ ಮೊದಲೇ ಮನೆಯಲ್ಲೆಲ್ಲ ಗುಲ್ಲಾಯಿತು. ಮುಂದಿನ ಪರೀಕ್ಷೆಗೆ ಹೋಗುವುದೇ ಇಲ್ಲವೆಂದು ಅವಳು ಕೂತುಬಿಟ್ಟಳು. ಬೇರೆ ಪಾಸ್‌ವರ್ಡ್ ಇಟ್ಟುಕೋ ಎಂದರೆ, ತನ್ನ ತಲೆಗೆ ಹೊಳೆಯುವುದು ಮಕ್ಕಳ ಹೆಸರುಗಳೇ ಎನ್ನುತ್ತಿದ್ದಳು.

“ಜನ ಓದೋ ಹಾಗೆ ಬರೀತೀನಿ, ನೋಡ್ತಾ ಇರಿ” ಎಂದಳು ಮಾತಿನಮಲ್ಲಿ.

ಆಸ್ಪತ್ರೆಯೆಂದರೆ ಹುಡುಗಾಟವೇ ಎಂದು ಮ್ಯಾನೇಜರ್ ಗೊಣಗಿದರೂ, ಮೊದಲು ಕಚೇರಿಯವರ ಮೇಲೆ ಪ್ರಯೋಗ ಮಾಡಲು ಒಪ್ಪಿದರು. ದುರ್ಬಲ ಪಾಸ್‌ವರ್ಡ್ ಕೊಟ್ಟವರಿಗೆಲ್ಲ ಪರದೆಯ ಮೇಲೆ ಒಂದೊಂದು ಬಗೆಯ ಬೈಗುಳ. ‘ಇಷ್ಟೇನಾ? ಇದನ್ನ ತೊಟ್ಟಿಲ ಮಗುನೂ ಹೇಳುತ್ತೆ.’ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಶುರುವಾಯಿತು ನೋಡಿ ಫಜೀತಿ. ಅದೇ ಬೈಗುಳ ತಮಗೂ ಬೇಕೆಂದು ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಕೂಗಿ ಕೇಳತೊಡಗಿದರು. ಅವರೂ ಕೂಗಿಯೇ ಹೇಳತೊಡಗಿದರು! ಸಂಜೆಯೊಳಗೆ ಎಲ್ಲರ ಗುಟ್ಟೂ ಎಲ್ಲರ ಬಾಯಲ್ಲಿ. ಮ್ಯಾನೇಜರ್ ಅದನ್ನು ಅಲ್ಲಿಗೇ ನಿಲ್ಲಿಸಿದರು.

ಇದೆಲ್ಲ ಬೇಕಿತ್ತಾ ನಿನಗೆ ಎಂದು ನಾನೂ ರೇಗಿದೆ. ಅವಳ ಕಣ್ಣು ತುಂಬಿತ್ತು, ಆದರೂ ಕುರ್ಚಿ ಬಿಟ್ಟೇಳಲಿಲ್ಲ. ತಪ್ಪಿಗೇ ನಗು ಹಂಚಿದ್ದು ತನ್ನ ಪೆದ್ದುತನ, ನಗು ಸಿಗಬೇಕಾದ್ದು ಗಟ್ಟಿ ಪಾಸ್‌ವರ್ಡ್ ಇಟ್ಟು ಗೆದ್ದವರಿಗೆ ಎಂದಳು. ಇದ್ದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಬರೆದಳು. ಮ್ಯಾನೇಜರ್ ಬೇಡವೆಂದಷ್ಟೂ ಸಲ ಹೋಗಿ ಅವರ ಮೇಜಿನ ಮುಂದೆ ನಿಂತಳು. ಕೊನೆಗೆ ಕಾಟ ತಾಳಲಾರದೆ ಅವರು ಹೂಂ ಎಂದರು.

ಪುಟ ಸಿದ್ಧವಾದ ದಿನ ಅಕ್ಕನನ್ನು ಕರೆತಂದು ನನ್ನ ಕುರ್ಚಿಯಲ್ಲೇ ಕೂರಿಸಿದಳು. ಅಕ್ಕ ಅಭ್ಯಾಸಬಲದಿಂದ ಮಗಳ ಹೆಸರನ್ನೇ ಒತ್ತಿದಳು. ‘ನೆಂಟರು ಒಳಗೇ ಬಂದುಬಿಟ್ರು’ ಎಂದಿತು ಪರದೆ. ಅಕ್ಕನ ಮುಖ ಬಿಗಿಯಿತು. ಅದನ್ನು ಅಳಿಸಿ, ಪರದೆಯನ್ನು ತನ್ನತ್ತ ತಿರುಗಿಸಿಕೊಂಡು, ಸಂಬಂಧವೇ ಇಲ್ಲದ ಪದಗಳನ್ನು ಒಂದೊಂದಾಗಿ ಪೋಣಿಸತೊಡಗಿದಳು. ‘ನೆಂಟರು ಬಾಗಿಲಲ್ಲಿ ತಡಕಾಡ್ತಿದ್ದಾರೆ.’ ಇನ್ನೊಂದು ಪದ. ‘ನೆಂಟರಿಗೆ ತಲೆನೋವು ಶುರು.’ ಮತ್ತೊಂದು. ‘ನೆಂಟರು ಗಂಟುಮೂಟೆ ಕಟ್ಟಿದ್ರು.’

ಅಕ್ಕ ಜೋರಾಗಿ ನಕ್ಕಳು. ಮಾತಿನಮಲ್ಲಿ ತಡೆಯಲಾರದೆ ಬಗ್ಗಿ, “ಏನಿಟ್ಟೆ ಅಕ್ಕ?” ಎಂದಳು.

“ಹೋಗೇ, ನಿನಗೂ ಹೇಳಲ್ಲ” ಎಂದು ಅಕ್ಕ ಪರದೆಗೆ ಕೈ ಅಡ್ಡ ಹಿಡಿದಳು. ಆಮೇಲೆ ಯಾರನ್ನೂ ಕೇಳದೆ ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡಳು.