ಕೊಸರಿಲ್ಲದ ಚೀಲ

ಲಾ ಪಾಸ್ ಊರಿನಲ್ಲಿ ನಮ್ಮ ಬೀದಿ ಎಂದರೆ ಬರೀ ಮೆಟ್ಟಿಲು. ಅದರ ತುದಿಯ ಮನೆಯಲ್ಲಿ ಬಸೀಲಿಯಾ ಇದ್ದಳು; ಅವಳ ಕೆಳಗಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಮೆರವಣಿಗೆಯಲ್ಲಿ ಕುಣಿಯುವವರ ಉಡುಪಿಗೆ ಜರಿ, ಮಣಿ, ಕನ್ನಡಿ ಹೊಲಿಯುವುದು ಅವಳ ಕಸುಬು. ಗಂಡ ತೀರಿಕೊಂಡಿದ್ದ. ಮಗಳು ಯೋಲಾ ಹಲ್ಲಿನ ಡಾಕ್ಟರರ ಬಳಿ ಕೆಲಸಕ್ಕಿದ್ದಳು.

ಶನಿವಾರ ಬಂತೆಂದರೆ ಬಸೀಲಿಯಾ ಹೊಲಿಗೆ ಬದಿಗಿಟ್ಟು ಸಂತೆಗೆ ಇಳಿಯುತ್ತಿದ್ದಳು. ಆಲೂಗಡ್ಡೆ ಮಾರುವ ಪ್ಲಾಸಿದಾ ಅಲ್ಲಿ ಅವಳ ‘ಕಸೇರಾ’. ನಮ್ಮಲ್ಲಿ ಖಾಯಂ ಗಿರಾಕಿ ಮಾರುವವಳನ್ನು ಹಾಗೆ ಕರೆದರೆ, ಮಾರುವವಳೂ ಗಿರಾಕಿಯನ್ನು ಹಾಗೆಯೇ ಕರೆಯುತ್ತಾಳೆ.

“ಏನಮ್ಮಾ ಕಸೇರಾ, ಇದು ಆಲೂಗಡ್ಡೆನಾ, ಗೋಲಿನಾ?”

“ಗೋಲಿ ಆಡೋ ವಯಸ್ಸಾ ನಿಂದು? ಬೇಯಿಸಿ ನೋಡು, ಹಿಟ್ಟಿನ ಹಾಗೆ ಅರಳತ್ತೆ.”

ಜಗಳ ಮುಗಿದ ಮೇಲೆ ತೂಕದ್ದು ಚೀಲಕ್ಕೆ. ಅದರ ಮೇಲೆ ಒಂದು ಹಿಡಿ ಕೊಸರು. ಕೊಸರು ಹಾಕುವಾಗ ಪ್ಲಾಸಿದಾ ಬೇರೆ ಕಡೆ ನೋಡುತ್ತಿದ್ದಳು, ತನ್ನ ಕೈ ಮಾಡುವುದು ತನಗೆ ಗೊತ್ತೇ ಇಲ್ಲ ಎನ್ನುವಂತೆ. ಇಬ್ಬರೂ ಹರೆಯದಲ್ಲಿ ಶುರು ಮಾಡಿದ ವ್ಯಾಪಾರ ಅದು.

ಆ ವರ್ಷ ಕಾರ್ನಿವಲ್ ಹಬ್ಬದ ಹೊತ್ತಿನ ಮಳೆಯಲ್ಲಿ, ಬೆನ್ನಿಗೆ ಗಂಟು ಕಟ್ಟಿಕೊಂಡು ಹತ್ತುತ್ತಿದ್ದ ಬಸೀಲಿಯಾ ಜಾರಿ ಬಿದ್ದಳು. ಮಂಡಿ ಊದಿಕೊಂಡಿತು. ಭಾರ ಹೊರಲೇಕೂಡದು ಎಂದರು ಡಾಕ್ಟರು. ಯೋಲಾ ಅಂದೇ ಫೋನಿನಲ್ಲಿ, ಮನೆಗೆ ದಿನಸಿ ತಂದುಕೊಡುವವರಿಗೆ ಹೇಳಿಬಿಟ್ಟಳು.

ಮೊದಮೊದಲು ಬಸೀಲಿಯಾಗೆ ನಾಚಿಕೆ. ಅಕ್ಕಿ, ಎಣ್ಣೆ, ಸಾಬೂನಿನ ಪುಡಿ ಹೊತ್ತು ಏದುಸಿರು ಬಿಡುತ್ತ ಬಂದವನಿಗೆ ನೀರು ಕೊಟ್ಟು, “ಕೂತ್ಕೊಳಪ್ಪ, ನಿನ್ನ ಮಂಡಿನೂ ಮಂಡಿನೇ” ಎನ್ನುತ್ತಿದ್ದಳು. ಅವನೋ ನಿಂತುಕೊಂಡೇ ಕುಡಿದು ಮುಂದಿನ ಮನೆಗೆ ಓಡುತ್ತಿದ್ದ. ಆದರೆ ಶನಿವಾರ ಇಡೀ ಅವಳ ಕೈಗೆ ಸಿಕ್ಕಿತು. ಮೊದಲು ಹೊತ್ತಿಲ್ಲವೆಂದು ಬಿಡುತ್ತಿದ್ದ ಉಡುಪುಗಳನ್ನು ಒಪ್ಪಿಕೊಂಡಳು. ಮಧ್ಯಾಹ್ನ ಬಿಸಿಲಿಗೆ ಕಾಲು ಚಾಚಿ ಕೂರುವುದನ್ನು ಕಲಿತಳು. “ಇಷ್ಟು ವರ್ಷ ಕತ್ತೆ ಹಾಗೆ ಹೊತ್ತಿದ್ದೆ ಕಣೇ. ಹೊರೋದೇ ಬಾಳು ಅನ್ಕೊಂಡಿದ್ದೆ” ಎಂದು ನನ್ನೊಡನೆ ಹೇಳಿದ್ದು ನೆನಪಿದೆ.

ಕಷ್ಟ ಇದ್ದದ್ದು ಚೀಲ ಬಿಚ್ಚಿದಾಗ. ಒಮ್ಮೆ ಅವಳು ಕೇಳಿದ್ದು ಚುನ್ಯೋ, ಸಾರಿಗೆ ಹಾಕುವ, ಹಿಮದಲ್ಲಿ ಒಣಗಿಸಿದ ನಮ್ಮ ಕಪ್ಪು ಆಲೂಗಡ್ಡೆ. ಅದಿಲ್ಲವೆಂದು ಯಾರೋ ಅದರ ಬದಲು ಚಿಪ್ಸ್ ಪೊಟ್ಟಣ ಹಾಕಿ ಕಳಿಸಿದ್ದರು.

“ಆಲೂಗಡ್ಡೆ ಒಣಗಿದ್ರೆ ಎಲ್ಲಾ ಒಂದೇ ಅನ್ಕೊಂಡ್ರೇನೋ!” ಎಂದು ಯೋಲಾ ನಕ್ಕು ಫೋನಿನಲ್ಲಿ ದೂರು ಕೊಟ್ಟಳು. “ಅಮ್ಮಾ, ದುಡ್ಡು ವಾಪಸ್ ಬಂತು.”

“ದುಡ್ಡು ಬಂತು, ಸಾರು ಬರಲಿಲ್ಲವಲ್ಲ.”

ಮಂಡಿ ಸ್ವಲ್ಪ ಗುಣವಾದರೂ ಅವಳು ಸಂತೆಗೆ ಇಳಿಯಲಿಲ್ಲ. ಇವತ್ತು ನಾಳೆ ಎನ್ನುತ್ತಲೇ ತಿಂಗಳುಗಳು ಉರುಳಿದವು. ಸುಖ ಬೇಗ ರೂಢಿಯಾಗುತ್ತದೆ. ಪ್ಲಾಸಿದಾಗೆ ಯಾರ ಕೈಲಾದರೂ ಹೇಳಿ ಕಳಿಸಬಹುದಿತ್ತು; ನಾಳೆ ನಾನೇ ಹೋಗ್ತೀನಲ್ಲ ಎನ್ನುತ್ತಿದ್ದಳು. ಪ್ಲಾಸಿದಾಳ ಫೋನ್ ನಂಬರಾಗಲಿ, ಮನೆಯಾಗಲಿ ಅವಳಿಗೆ ಗೊತ್ತಿರಲಿಲ್ಲ.

ನವೆಂಬರ್ ಬಂತು. ಮೊದಲ ದಿನ ನಡುಮಧ್ಯಾಹ್ನಕ್ಕೆ ನಮ್ಮ ಸತ್ತವರು ಮನೆಗೆ ಬರುತ್ತಾರೆ. ಅಷ್ಟರೊಳಗೆ ಅವರಿಗೆ ಮೇಜು ಸಿಂಗರಿಸಿ, ಊಟ, ಹೂವು, ಕಬ್ಬು, ಸತ್ತವರ ಹೆಸರಲ್ಲಿ ಬೇಯಿಸಿದ ರೊಟ್ಟಿಯ ಗೊಂಬೆ ಇಟ್ಟಿರಬೇಕು. ಗಂಡನಿಗಾಗಿ ತರಿಸಿದ ಹೂವು ಬಂದದ್ದು ಪ್ಲಾಸ್ಟಿಕ್ಕಿನದು. ಬಸೀಲಿಯಾ ಅದನ್ನೇ ನೋಡುತ್ತ ನಿಂತಳು.

“ಬೇರೆಯವರು ಆರಿಸಿದ ಆಲೂಗಡ್ಡೆ ನಾನು ತಿಂತೀನಿ, ಪರವಾಗಿಲ್ಲ. ಬೇರೆಯವರು ಆರಿಸಿದ್ದನ್ನ ಅವನ ಮುಂದೆ ಇಡೋಕಾಗಲ್ಲ” ಎಂದು ಶಾಲು ಹೊದ್ದಳು. ಯೋಲಾ ಮೇಜು ಸಿಂಗರಿಸಲು ಮನೆಯಲ್ಲಿ ಉಳಿದಳು. ನಾನು ಜೊತೆಗೆ ಹೊರಟೆ. ಕೋಲೂರಿಕೊಂಡು ನಿಧಾನಕ್ಕೆ ಇಳಿದು, ಕೇಬಲ್ ಕಾರು ಹತ್ತಿ ಸಂತೆ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಇಗರ್ಜಿಯ ಗಂಟೆ ಹನ್ನೆರಡು ಬಾರಿಸತೊಡಗಿತು.

ಪ್ಲಾಸಿದಾ ಆಲೂಗಡ್ಡೆ ರಾಶಿಯ ಹಿಂದೆ ತಲೆ ಬಗ್ಗಿಸಿ ಪ್ರಾರ್ಥನೆ ಮಾಡುತ್ತಿದ್ದಳು. ತಲೆ ಎತ್ತಿದವಳು ಚಿಟ್ಟನೆ ಚೀರಿ ಶಿಲುಬೆಯ ಗುರುತು ಹಾಕಿಕೊಂಡಳು.

“ಬಂದ್ಯಾ ಕಸೇರಾ! ನಿಜವಾಗ್ಲೂ ಬಂದ್ಯಾ!”

“ಬರದೆ ಏನು? ಯಾಕೆ ಹೀಗೆ ಕೂಗ್ತೀಯ?”

“ನೀನು… ಸತ್ತಿಲ್ವಾ?”

ಅವಳ ಪಕ್ಕದಲ್ಲಿ ಮಗುಚಿದ ಡಬ್ಬದ ಮೇಲೆ ಬಿಳಿ ಬಟ್ಟೆ ಹಾಸಿ, ಒಂದು ರೊಟ್ಟಿಯ ಗೊಂಬೆ, ಬಾಳೆಹಣ್ಣು, ಒಂದು ತಟ್ಟೆ ಬೇಯಿಸಿದ ಆಲೂಗಡ್ಡೆ ಇಟ್ಟಿದ್ದಳು. ಮಣಿ ಹೊಲಿಯುವ ಹೆಂಗಸೊಬ್ಬಳು ತೀರಿಕೊಂಡಳೆಂದು ಯಾರೋ ಹೇಳಿದ್ದರಂತೆ. ಸತ್ತವಳು ಬೇರೆ ಬೀದಿಯವಳು. ಪ್ಲಾಸಿದಾ ತನ್ನ ಗಿರಾಕಿಯೇ ಎಂದುಕೊಂಡು ಅತ್ತು, ಬೇಕರಿಯಲ್ಲಿ ರೊಟ್ಟಿ ಮಾಡಿಸಿದ್ದಳು. ಗೊಂಬೆಯ ಎದೆಯ ಮೇಲೆ ಸಕ್ಕರೆಯಲ್ಲಿ ಬರೆಸಿದ್ದು ‘ಕಸೇರಾ’ ಎಂದು. ಬಸೀಲಿಯಾ ಎಂಬ ಹೆಸರು ಅವಳಿಗೆ ಗೊತ್ತಿರಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ಅವರಿಬ್ಬರೂ ನಗಲಿಲ್ಲ. ಬಸೀಲಿಯಾ ಡಬ್ಬದ ಬಳಿ ಕೋಲೂರಿ ಕೂತು, ಆ ರೊಟ್ಟಿಯ ಮೇಲೆ ಕೈ ಇಟ್ಟು ಅತ್ತಳು.

“ನಾನು ಸತ್ತಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ, ನೀನು ಹೀಗೆ ಮಾಡ್ತೀಯಾಂತ.”

“ಬದುಕಿದ್ದೂ ಬರಲಿಲ್ವಲ್ಲ, ಪಾಪಿ!” ಎಂದು ಪ್ಲಾಸಿದಾ ಬೈದಳು. “ಪ್ರಾರ್ಥನೆ ಮಾಡಿ ಆಗಿದೆ, ವಾಪಸ್ ತಗೊಳೋಕಾಗಲ್ಲ. ಜಮಾ ಇರಲಿ, ಮುಂದೆ ಬೇಕಾಗತ್ತೆ.”

ಆಗ ಇಬ್ಬರೂ ನಕ್ಕರು. ಹೆಸರು, ಮನೆ ಹೆಸರು, ಫೋನ್ ನಂಬರು ಎಲ್ಲ ಹೇಳಿಕೊಂಡರು.

ಬಸೀಲಿಯಾ ತಪ್ಪೊಪ್ಪಿಗೆಯ ದನಿಯಲ್ಲಿ ಮನೆಗೆ ಸಾಮಾನು ತರಿಸುವ ವಿಷಯ ಹೇಳುತ್ತಿದ್ದಾಗಲೇ ಹೆಲ್ಮೆಟ್ ಹಾಕಿದ ಒಬ್ಬ ಬಂದು, “ಪ್ಲಾಸಿದಮ್ಮಾ, ನಿಮ್ಮ ಎಣ್ಣೆ, ಸಕ್ಕರೆ” ಎಂದು ಚೀಲ ಇಟ್ಟು ಹೋದ.

“ನೀನೂನಾ?” ಎಂದಳು ಬಸೀಲಿಯಾ.

“ಮತ್ತೆ? ಬೆಳಕು ಹರಿಯೋಕೆ ಮುಂಚೆ ಇಲ್ಲಿ ಕೂತ್ರೆ ಏಳೋದು ಕತ್ತಲಾದ ಮೇಲೆ. ಸಂತೇಲಿ ಮಾರೋಳಿಗೆ ಅಂಗಡಿಗೆ ಹೋಗೋಕೆ ಹೊತ್ತೆಲ್ಲಿದೆ? ಎಣ್ಣೆ ಯಾರು ತಂದ್ರೂ ಎಣ್ಣೆನೇ.” ಚೀಲವನ್ನು ರಾಶಿಯ ಹಿಂದೆ ಸರಿಸಿ ಹೇಳಿದಳು: “ಆದ್ರೆ ನಿನ್ನಂಥೋರು ಒಬ್ಬೊಬ್ರೇ ಕಮ್ಮಿ ಆದಾಗ, ಯಾರು ಸತ್ರು, ಯಾರು ಫೋನಲ್ಲಿ ತರಿಸ್ತಿದ್ದಾರೆ, ನಂಗೆ ಹೇಗೆ ಗೊತ್ತಾಗ್ಬೇಕು?”

ಬಸೀಲಿಯಾ ತಟ್ಟೆಯಿಂದ ಒಂದು ಆಲೂಗಡ್ಡೆ ಎತ್ತಿ ಸಿಪ್ಪೆ ಸುಲಿದು ತಿಂದಳು. ಕಬ್ಬು, ಹೂವು ಕೊಂಡು ನಾವು ತಡವಾಗಿಯೇ ಮನೆ ಸೇರಿದೆವು. ದಾರಿಯಲ್ಲಿ ಅವಳು ಗಂಡನಿಗೆ, “ಸ್ವಲ್ಪ ಕಾಯಿ ಮಾರಾಯ, ನಾನೂ ಒಂದು ಕಡೆ ಊಟಕ್ಕೆ ಹೋಗಿದ್ದೆ” ಎನ್ನುತ್ತಿದ್ದಳು.

ಅಕ್ಕಿ, ಎಣ್ಣೆ, ಸಾಬೂನು ಈಗಲೂ ಅವಳ ಮನೆಗೆ ಮೆಟ್ಟಿಲು ಹತ್ತಿ ಬರುತ್ತವೆ. ಮಂಡಿ ಮಾತು ಕೇಳಿದ ಶನಿವಾರ ಅವಳು ಸಂತೆಗೆ ಹೋಗುತ್ತಾಳೆ. ಕೇಳದ ಶನಿವಾರ ಪ್ಲಾಸಿದಾಗೆ ಫೋನ್ ಮಾಡುತ್ತಾಳೆ. ಕೊಳ್ಳುವುದೇನೂ ಇರುವುದಿಲ್ಲ. ಬೆಲೆ ಕೇಳುತ್ತಾಳೆ, ಜಾಸ್ತಿಯಾಯಿತು ಎಂದು ಜಗಳವಾಡುತ್ತಾಳೆ, ಫೋನ್ ಇಡುತ್ತಾಳೆ.