ಜೀಪಿಗೆ ಅಸ್ತರ ಹಾಕಿದ ನೀಲಾಬಾಯಿ

ಸೋಲಾಪುರದ ಅಕ್ಕಲಕೋಟ ರಸ್ತೆಯ ಮೇಲೆ ಮಲಕಾಜಪ್ಪನ ಕುಶನ್ ಅಂಗಡಿ ಇದೆ. ಮುಂದೆ ಗಾಡಿಗಳು ನಿಲ್ಲುವ ಅಂಗಳ, ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆಯಲ್ಲಿ ಹೊಲಿಗೆ ಮಷೀನಿನ ಮುಂದೆ ನೀಲಾಬಾಯಿ ಹತ್ತೊಂಬತ್ತು ವರ್ಷ ಕೂತಿದ್ದಳು. ಮುಂಜಾನೆ ವಳಸಂಗದಿಂದ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು. ನಡುವೆ ಟೆಂಪೊ, ಟ್ಯಾಕ್ಸಿ, ಹೊಸ ಕಾರು, ಎಲ್ಲದರ ಸೀಟಿನ ಕವರುಗಳೂ ಅವಳ ಕೈಯಲ್ಲೇ ಹೊಲಿಗೆಯಾಗುತ್ತಿದ್ದವು. ಹೊಲಿದದ್ದನ್ನು ಯಾರೋ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಸೆರಗಿಗೆ ಅಂಟಿದ ದಾರ ಕೊಡವಿಕೊಂಡು ಅವಳು ಹೊರಗೆ ಬರುವಷ್ಟರಲ್ಲಿ ಗಾಡಿ ಹೊರಟುಹೋಗಿರುತ್ತಿತ್ತು. ತನ್ನ ಹೊಲಿಗೆ ಸೀಟಿನ ಮೇಲೆ ಹೇಗೆ ಕೂತಿತು ಎಂಬುದನ್ನು ಅವಳು ಕಣ್ತುಂಬ ನೋಡಿದ್ದು ಬಹಳ ಕಡಿಮೆ.

ಗಾಡಿಯ ಒಳಗಿನ ಕೆಲಸ ತನಗೂ ಕೊಡಿ ಎಂದು ಅವಳು ಕೇಳಿದ್ದಳು, ಒಂದಲ್ಲ ನಾಲ್ಕು ಸಲ. ಮಲಕಾಜಪ್ಪ ಕೆಟ್ಟ ಮನುಷ್ಯನಲ್ಲ. ಪ್ರತಿ ಸಲವೂ ನಗುತ್ತಲೇ ಹೇಳುತ್ತಿದ್ದ.

"ನಿನ್ನಂಗ ಹೊಲಗಿ ಹಾಕಾವ್ರು ಸೋಲಾಪುರದಾಗ ಯಾರದಾರ, ನೀಲಾ? ಗಾಡ್ಯಾಗ ಹತ್ತಿ ಇಳಿಯೂದು ಮಿಸ್ತ್ರಿ ಕೆಲಸ. ಅದು ನಿನಗ್ಯಾಕ?"

ಆ ಹೊಗಳಿಕೆ ಕೇಳಿ ಅವಳು ಪ್ರತಿ ಸಲವೂ ಮತ್ತೆ ಮಷೀನಿಗೆ ಬಂದು ಕೂರುತ್ತಿದ್ದಳು. ಬೈದಿದ್ದರೆ ಎದುರಾಡಬಹುದಿತ್ತು. ಹೊಗಳುವವರಿಗೆ ಏನು ಹೇಳುವುದು?

ಹೋದ ಮೇ ತಿಂಗಳಿಗೆ ಸ್ವಲ್ಪ ಮುಂಚೆ ಅಂಗಡಿಯ ಮಿಸ್ತ್ರಿ ತನ್ನದೇ ಅಂಗಡಿ ತೆರೆದು ಹೋದ. ಅದೇ ವಾರ ಬೋರಾಮಣಿಯ ಭೀಮಣ್ಣ ತನ್ನ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದ. ಭೀಮಣ್ಣನದು ಹೊಲ, ಹುಲ್ಲುಗಾವಲು, ತೊಗರಿ, ಕಡಲೆಯ ಸಂಸಾರ. ರಸ್ತೆಯಿಲ್ಲದ ಕಡೆಯೂ ಹೋಗುವ, ಎತ್ತರದ ಚಕ್ರದ ಆ ಜೀಪನ್ನು ಅವನು ಆಸೆಪಟ್ಟು ಕೊಂಡಿದ್ದ. ಅದರ ಮೇಲೆ ಬಟ್ಟೆಯ ಹೊದಿಕೆಯಿರಲಿಲ್ಲ. ಬೋಲ್ಟು ಬಿಚ್ಚಿದರೆ ಇಡಿಯಾಗಿ ಎತ್ತಿಡಬಹುದಾದ ಫೈಬರಿನ ಗಟ್ಟಿ ಟಾಪು ಇತ್ತು. ಒಳಗಡೆ ಬರೀ ಫೈಬರು, ಅಸ್ತರವೇ ಇಲ್ಲ.

"ಇದು ಜೀಪಲ್ಲರಿ ಕಾಕಾ," ಭೀಮಣ್ಣ ಹೇಳಿದ. "ಮನ್ಯಾಗಿನಕಿ ಒಮ್ಮೆ ಕುಂತ್ಲು. ಇಳದ ಮ್ಯಾಲ, ಶೇಂಗಾ ಹುರಿಯೂ ಭಟ್ಟಿಯಾಗ ಕುಂತ್ರ ಇದಕ್ಕಿಂತ ತಂಪ ಇರ್ತದ ಅಂದ್ಲು. ಅವತ್ತಿಂದ ಗುರುವಾರಕ್ಕೊಮ್ಮೆ ಅಕ್ಕಲಕೋಟಕ್ಕ ಎಸ್ಟಿ ಬಸ್ಸಿನಾಗ ಹೋಗ್ತಾಳ. ನಾ ಖಾಲಿ ಜೀಪ್ ತಗೊಂಡು ಬಸ್ಸಿನ ಹಿಂದ ಹೋಗ್ತೀನಿ. ಊರ ಮಂದಿ ನಗಾಕತ್ಯಾರ."

"ಪುಣೆ ಪ್ಯಾಟ್ಯಾಗ ತಯಾರ್ ಅಸ್ತರ ಸಿಗ್ತದಲ್ಲ," ಎಂದ ಮಲಕಾಜಪ್ಪ.

"ಕೇಳೀನಿ. ಆ ರೊಕ್ಕಕ್ಕ ಒಂದು ಎಮ್ಮಿ ಬರ್ತದ. ಎಮ್ಮಿ ಹಾಲರೆ ಕೊಡ್ತದ."

ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನೀಲಾಬಾಯಿ ಹೊರಗೆ ಬಂದಳು. ಜೀಪಿನೊಳಗೆ ತಲೆ ಹಾಕಿ, ಟಾಪಿನ ಒಳಮೈಗೆ ಅಂಗೈ ಹಚ್ಚಿದಳು. ತಕ್ಷಣ ಕೈ ಹಿಂದಕ್ಕೆ ಬಂತು.

"ಲೂಮಿನ ಶೆಡ್ಡಿಗೆ ತಗಡಿನ ಪತ್ರಾ ಕೆಳಗ ಬೆಳ್ಳಿ ಹಾಳಿ ಹೊಡದಿರ್ತಾರಲ್ರಿ, ಫೋಮಿಂದು," ಎಂದಳು. "ನಮ್ಮ ವಳಸಂಗದಾಗ ಕೋಳಿ ಶೆಡ್ಡಿಗೂ ಅದನ್ನ ಹಚ್ಯಾರ. ಅಗ್ಗ ಸಿಗ್ತದ. ಅದನ್ನ ಅಂಟಿಸಿ, ಮ್ಯಾಲ ಡ್ಯಾಮೇಜ್ ಟಾವೆಲ್ ಬಟ್ಟಿ ಹಚ್ಚಿದ್ರ ಅಸ್ತರ ಆಗ್ತದ."

ಭೀಮಣ್ಣ ಮಲಕಾಜಪ್ಪನ ಮುಖ ನೋಡಿದ. ಮಲಕಾಜಪ್ಪ ಬೀದಿಯ ಕಡೆ ನೋಡಿದ. ಮಿಸ್ತ್ರಿ ಇಲ್ಲ, ಗಿರಾಕಿ ಮುಂದೆ ನಿಂತಿದ್ದಾನೆ.

"ಮಾಡು," ಎಂದ ಕೊನೆಗೆ. "ಆದರ ಒಂದ ಮಾತು ನೀಲಾ. ಈ ಬ್ಯಾಸಗ್ಯಾಗ ಅದು ಜೋತು ಬಿತ್ತಂದ್ರ, ಮತ್ತ ಗಾಡಿಗೆ ಕೈ ಹಚ್ಚೂದಿಲ್ಲ, ಕೇಳೂದೂ ಇಲ್ಲ. ನೀ ಆತು, ನಿನ್ನ ಮಷೀನ್ ಆತು."

"ಆತ್ರಿ ಕಾಕಾ."

ಮಿಸ್ತ್ರಿಗಳು ಇಂಥ ಕೆಲಸವನ್ನು ಗಾಡಿಯೊಳಗೆ ಕೂತು, ಕತ್ತು ಮೇಲೆತ್ತಿ, ಕೈ ಮೇಲೆತ್ತಿ ಮಾಡುತ್ತಾರೆ. ಅಂಟು ಮುಖದ ಮೇಲೆ ತೊಟ್ಟಿಕ್ಕುತ್ತದೆ. ನೀಲಾಬಾಯಿ ಹಾಗೆ ಮಾಡಲಿಲ್ಲ. ಬೋಲ್ಟು ಬಿಚ್ಚಿಸಿ, ನಾಲ್ಕು ಜನರಿಂದ ಟಾಪನ್ನು ಇಳಿಸಿ, ಅಂಗಳದ ನೆರಳಿನಲ್ಲಿ ಗೋಣಿಚೀಲ ಹಾಸಿ ಅದನ್ನು ಅಂಗಾತ ಮಲಗಿಸಿದಳು. ಮೇಲಿದ್ದ ಮಾಡು ಈಗ ನೆಲವಾಯಿತು.

"ಛಲೋ ಆತು," ಎಂದ ಭೀಮಣ್ಣ. "ಅಸ್ತರ ನಿಲ್ಲಲಿಲ್ಲಂದ್ರ ಹಂಗ ಒಯ್ದು ಎತ್ತಿಗೆ ನೀರ ಕುಡಿಸಾಕ ಇಡ್ತೀನಿ."

ಅವಳು ಫೈಬರನ್ನು ಥಿನ್ನರಿನಲ್ಲಿ ಒರೆಸಿದಳು. ಹಳೆಯ ಮರಾಠಿ ಪೇಪರು ಹಾಸಿ ಅಳತೆ ತೆಗೆದು, ಬೆಳ್ಳಿ ಹಾಳೆಯನ್ನು ಒಂದೇ ತುಂಡಾಗಿ ಕತ್ತರಿಸಿದಳು. ಕಾವಿಗೆ ಜಗ್ಗದ ಅಂಟಿನ ಸೊಲ್ಯೂಷನ್ ತರಿಸಿ ಫೈಬರಿಗೂ ಹಾಳೆಯ ಬೆನ್ನಿಗೂ ಬಳಿದು, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದಳು. ಆಮೇಲೆ ಬರಿಗಾಲಲ್ಲಿ ಟಾಪಿನೊಳಗೆ ಇಳಿದು, ಹಾಳೆ ಹಾಸಿಕೊಂಡು ಕೂತಳು.

ಅವಳ ತಾಯಿ ವಳಸಂಗದಲ್ಲಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರದ ಪದರುಗಳನ್ನು ನೆಲಕ್ಕೆ ಹಾಸಿ, ಮೊದಲು ನಾಲ್ಕು ಅಂಚು ಕಟ್ಟಿ, ಸುತ್ತು ಸುತ್ತಾಗಿ ಹೊಲಿಯುತ್ತ ಒಳಗೆ ಬಂದು ನಟ್ಟನಡುವೆ ಮುಗಿಸುವುದು ಆ ಕೆಲಸದ ಕ್ರಮ. ನೀಲಾಬಾಯಿ ಏಳು ವರ್ಷದವಳಿದ್ದಾಗ ಕಲಿತದ್ದು. ನೆಲದ ಮೇಲೆ ಬಟ್ಟೆ ಕಂಡರೆ ಅವಳ ಕೈ ತಾನಾಗಿ ಅಂಚಿಗೆ ಹೋಗುತ್ತಿತ್ತು. ಆ ದಿನವೂ ಹೋಯಿತು. ಮೊದಲು ನಾಲ್ಕು ಅಂಚು ಒತ್ತಿದಳು, ಆಮೇಲೆ ಸುತ್ತುತ್ತ ನಡುವಿಗೆ ಬಂದಳು. ಮುಗಿದಾಗ ಹಾಳೆ ಕನ್ನಡಿಯಂತೆ ಹೊಳೆಯುತ್ತಿತ್ತು. ಟಾಪನ್ನು ಎತ್ತಿ ಜೀಪಿನ ಮೇಲೆ ಕೂರಿಸಿ, ಪರೀಕ್ಷೆಗೆಂದು ಬಿಸಿಲಿಗೆ ನಿಲ್ಲಿಸಿದರು.

ಮಧ್ಯಾಹ್ನ ಎರಡಕ್ಕೆ ಮಲಕಾಜಪ್ಪ ಬಾಗಿಲು ತೆರೆದು ಒಳಗೆ ಬಗ್ಗಿ ನೋಡಿದ.

"ಭೀಮಣ್ಣ," ಎಂದ. "ನಿನ್ನ ಜೀಪ್ ಬಸುರಾಗೇದ ನೋಡು."

ಹಾಳೆ ನಡುವಿನಲ್ಲಿ ಕಳಚಿಕೊಂಡು, ದುಂಡಗೆ ಉಬ್ಬಿ, ಕೆಳಗೆ ಜೋತಿತ್ತು. ಅಂಗಳದಲ್ಲಿದ್ದವರೆಲ್ಲ ನಕ್ಕರು. ನೀಲಾಬಾಯಿ ನಗಲಿಲ್ಲ. ಆ ಉಬ್ಬನ್ನು ಎರಡು ಬೆರಳಿಂದ ಒತ್ತಿದಳು. ಒತ್ತಿದರೆ ಪಕ್ಕಕ್ಕೆ ಸರಿಯುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು.

"ಜೋತು ಬಿತ್ತಲ್ಲ ನೀಲಾ," ಮಲಕಾಜಪ್ಪನ ದನಿಯಲ್ಲಿ ಗೆದ್ದ ಸುಖವೇನೂ ಇರಲಿಲ್ಲ.

ಭೀಮಣ್ಣನೇ ಅಡ್ಡ ಬಂದ. "ಗುರುವಾರ ಇನ್ನಾ ಮೂರ ದಿನ ಅದ ಕಾಕಾ. ಗಾಡಿ ನಂದು, ನನಗ ಅವಸರ ಇಲ್ಲ. ಇನ್ನೊಮ್ಮೆ ಮಾಡಲಿ ಅಕ್ಕಾರು."

"ಗುರುವಾರದ ತನಕ," ಎಂದ ಮಲಕಾಜಪ್ಪ. "ಅದರ ಮುಂದ ಇಲ್ಲ."

ಮರುದಿನ ನಸುಕಿನಲ್ಲಿ ನೀಲಾಬಾಯಿ ಎಂದಿನಂತೆ ಜೋಳದ ಹಿಟ್ಟು ನಾದಿ, ಉಂಡೆ ಕಟ್ಟಿ, ರೊಟ್ಟಿ ಬಡಿಯಲು ಕೂತಿದ್ದಳು. ಮನಸ್ಸು ಆ ಉಬ್ಬಿನಲ್ಲೇ ಇತ್ತು. ಕೌದಿಯಲ್ಲಿ ಗಾಳಿ ಬಟ್ಟೆಯ ಎಳೆಗಳ ನಡುವೆ ಹೊರಟುಹೋಗುತ್ತದೆ. ಬೆಳ್ಳಿ ಹಾಳೆಗೆ ಎಳೆಗಳಿಲ್ಲ. ನಾಲ್ಕು ಅಂಚನ್ನೂ ತಾನೇ ಮುಚ್ಚಿ, ಗಾಳಿಯನ್ನು ತಾನೇ ನಡುವಿಗೆ ಅಟ್ಟಿಕೊಂಡು ಬಂದು ಕೂಡಿಹಾಕಿದ್ದಳು. ಬಿಸಿಲಿಗೆ ಅದು ಉಬ್ಬದೆ ಏನು ಮಾಡೀತು? ಇಷ್ಟು ತಿಳಿಯಿತು. ಹಾಗಾದರೆ ಹೇಗೆ ಹಚ್ಚಬೇಕು ಎಂಬುದು ತಿಳಿಯಲಿಲ್ಲ.

ಆಗ ಕಣ್ಣು ತನ್ನ ಕೈಯ ಮೇಲೆ ಬಿತ್ತು. ಅಂಗೈ ಉಂಡೆಯ ನಡುವೆ ಬಿದ್ದು, ಹಿಟ್ಟನ್ನು ಒತ್ತುತ್ತ, ತಿರುಗಿಸುತ್ತ, ಅಂಚಿನ ಕಡೆಗೆ ಹೋಗುತ್ತಿತ್ತು. ಹೋಗುತ್ತಿದ್ದಂತೆ ರೊಟ್ಟಿ ತೆಳ್ಳಗೆ, ಸಮನಾಗಿ ಹರಡುತ್ತಿತ್ತು. ಎಲ್ಲೂ ಗಂಟಿಲ್ಲ. ಅಂಚು ಕೊನೆಗೆ ಬರುತ್ತಿತ್ತು.

ಅವಳು ಕೈ ತಡೆದು ನೋಡಿದಳು. ಎರಡೂ ಅವಳ ತಾಯಿ ಕಲಿಸಿದ ಕೆಲಸಗಳೇ. ಟಾಪಿನೊಳಗೆ ಕೂತಾಗ ಕೈ ಒಂದನ್ನು ನೆನೆಸಿಕೊಂಡಿತ್ತು, ನೆನೆಯಬೇಕಾದದ್ದು ಇನ್ನೊಂದು. ಆ ನಸುಕಿನಲ್ಲಿ ಒಲೆಯ ಮುಂದೆ ಅವಳಿಗೆ ಬಂದ ನಗು ಬಹಳ ಹೊತ್ತು ಹೋಗಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಕರಿಯಾಯಿತು.

ಅಂದು ಹಳೆಯ ಹಾಳೆ ಕಿತ್ತು, ಅಂಟನ್ನು ಕೆರೆದು ತೆಗೆದಳು. ಅದಕ್ಕೇ ಒಂದು ದಿನ ಹಿಡಿಯಿತು. ಬುಧವಾರ ಹೊಸ ಹಾಳೆ ಹಾಸಿದಳು. ಈ ಸಲ ಅಂಚು ಮುಟ್ಟಲಿಲ್ಲ. ಹಾಳೆಯ ನಟ್ಟನಡುವೆ ಅಂಗೈ ಇಟ್ಟು ಒತ್ತಿದಳು. ಅಲ್ಲಿಂದ ಸುತ್ತಲೂ, ಬಡಿಯುತ್ತ, ಒತ್ತುತ್ತ, ಗಾಳಿಯನ್ನು ಮುಂದೆ ಮುಂದೆ ಅಟ್ಟುತ್ತ ಅಂಚಿಗೆ ಬಂದಳು. ಫಟ್ ಫಟ್ ಎಂಬ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ಕೊನೆಯ ಮೂಲೆಯಲ್ಲಿ ಗಾಳಿ ಸಣ್ಣಗೆ ಉಸಿರುಬಿಟ್ಟು ಹೊರಗೆ ಹೋದದ್ದು ಅವಳ ಬೆರಳಿಗೆ ತಿಳಿಯಿತು. ಹಾಳೆಯ ಮೇಲೆ ಬೂದಿ ಬಣ್ಣದ ಟಾವೆಲ್ ಬಟ್ಟೆಯನ್ನೂ ಹಾಗೇ ಹಚ್ಚಿದಳು. ನೇಯುವಾಗ ಎಳೆ ತಪ್ಪಿ ಮಾರಾಟಕ್ಕೆ ಬಾರದ ಬಟ್ಟೆ ಅದು. ಎಳೆ ತಪ್ಪಿದ ಪಟ್ಟಿಯನ್ನು ಹಿಂದಿನ ಬಾಗಿಲ ಅಂಚಿಗೆ ಬರುವಂತೆ ಮಡಚಿ ಮರೆಮಾಡಿದಳು.

"ಏನ್ ನೀಲಾ, ಗಾಡಿಗೆ ಅಸ್ತರ ಹಾಕತಿಯೋ, ರೊಟ್ಟಿ ಬಡಿತಿಯೋ?" ಮಲಕಾಜಪ್ಪ ಕೇಳಿದ.

"ಎರಡಕ್ಕೂ ಬಡಿತ ಒಂದರಿ ಕಾಕಾ," ಎಂದಳು, ತಲೆ ಎತ್ತದೆ.

ಗುರುವಾರ ಹತ್ತು ಗಂಟೆಗೆ ಭೀಮಣ್ಣ ಹೆಂಡತಿ ಲಕ್ಷ್ಮೀಬಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದ. ಆಕೆ ಜೀಪಿನ ಸುತ್ತ ಒಂದು ಸುತ್ತು ಬಂದಳು. ಕೈಯಲ್ಲಿ ಬಸ್ಸಿನ ಚಿಲ್ಲರೆ ಹಿಡಿದೇ ಇದ್ದಳು.

"ಇದನ್ನ ಅಂಟಿಸಿದಾಕಿ ಯಾರು?"

"ನಾನ್ರಿ."

"ಹಂಗಾದ್ರ ನೀನೂ ಹತ್ತು. ಬಿದ್ರ ಇಬ್ಬರ ತಲಿ ಮ್ಯಾಲೂ ಬೀಳಲಿ."

ನೀಲಾಬಾಯಿ ಮಲಕಾಜಪ್ಪನ ಕಡೆ ನೋಡಿದಳು. ಅವನು ಹೋಗು ಎಂಬಂತೆ ಗೋಣು ಆಡಿಸಿದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ತಾನೇ ಹಚ್ಚಿದ ಮಾಡಿನ ಕೆಳಗೆ ಕೂತು ಅಂಗಳ ದಾಟಿದಳು.

ಬಿಸಿಲು ಏರುತ್ತಿತ್ತು. ವಳಸಂಗ ಬಂತು, ಹೋಯಿತು. ಪ್ರತಿ ಸ್ಪೀಡ್ ಬ್ರೇಕರಿಗೆ ನೀಲಾಬಾಯಿಯ ಕಣ್ಣು ಮೇಲೆ ಹೋಗುತ್ತಿತ್ತು. ಲಕ್ಷ್ಮೀಬಾಯಿ ಮಾತ್ರ ಸೊಸೆಯ ತವರಿನ ಸುದ್ದಿ ತೆಗೆದವಳು ನಿಲ್ಲಿಸಲೇ ಇಲ್ಲ. ಮೊದಲು ಈ ಟಾಪು ಡಬ್ಬಿಯ ಹಾಗೆ ಬಡಿದುಕೊಳ್ಳುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಭೀಮಣ್ಣ ಕನ್ನಡಿಯಲ್ಲಿ ನೀಲಾಬಾಯಿಯನ್ನು ನೋಡಿದ.

"ಅಕ್ಕಾರ, ಒಂದ ನುಕ್ಸಾನ ಆತು ನೋಡ್ರಿ. ಈಕಿ ಮಾತು ಈಗ ಪೂರಾ ಕೇಳಸಾಕತ್ತಾವ."

"ಕೇಳು," ಎಂದಳು ಲಕ್ಷ್ಮೀಬಾಯಿ. "ಇಪ್ಪತ್ತೆಂಟ ವರ್ಷದ ಬಾಕಿ ಅದ."

ನಿಜವಾದ ಪರೀಕ್ಷೆ ಇದ್ದದ್ದು ಅಕ್ಕಲಕೋಟದಲ್ಲಿ. ದರ್ಶನ, ಪ್ರಸಾದ ಮುಗಿಸಿ ಅವರು ಬರುವಷ್ಟರಲ್ಲಿ ಜೀಪು ನೆರಳಿಲ್ಲದ ಮೈದಾನದಲ್ಲಿ ಎರಡೂವರೆ ತಾಸು ನಿಂತಿತ್ತು. ಬಾನೆಟ್ಟಿನ ಮೇಲೆ ಗಾಳಿ ನೀರಿನಂತೆ ನಡುಗುತ್ತಿತ್ತು. ಭೀಮಣ್ಣ ಬಾಗಿಲು ತೆರೆದ. ನೀಲಾಬಾಯಿ ಅಲ್ಲೇ ನಿಂತಳು, ಒಳಗೆ ನೋಡುವ ಧೈರ್ಯ ಬರಲಿಲ್ಲ.

ಲಕ್ಷ್ಮೀಬಾಯಿಯೇ ಮೊದಲು ಹತ್ತಿದಳು. ಸೀಟಿಗೆ ಕೈ ತಾಗಿ "ಹಾ" ಎಂದಳು. ಆಮೇಲೆ ಕೈ ಮೇಲೆತ್ತಿ ಮಾಡಿನ ನಡುವೆ ಅಂಗೈ ಇಟ್ಟಳು. ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ ಒಮ್ಮೆ ಅಂಗೈ, ಒಮ್ಮೆ ಮುಂಗೈ.

"ಜ್ವರ ಇಲ್ಲ," ಎಂದಳು. "ಬಾ ತಂಗಿ, ನೀನೂ ನೋಡು."

ನೀಲಾಬಾಯಿ ಹತ್ತಿ ನೋಡಿದಳು. ಬೂದಿ ಬಣ್ಣದ ಬಟ್ಟೆ ಮೂಲೆಯಿಂದ ಮೂಲೆಗೆ ಒಂದೇ ಸಮ. ಉಬ್ಬಿಲ್ಲ, ಸುಕ್ಕಿಲ್ಲ. ಬೆರಳಿಂದ ಬಡಿದಳು, ಗಟ್ಟಿ ಸದ್ದು ಬಂತು. ಬೇರೆ ಬೇರೆ ಕಡೆ ಬಡಿದಳು. ಎಲ್ಲ ಕಡೆಯೂ ಅದೇ ಸದ್ದು. ಹೊರಗಿನ ಬೆಂಕಿಗೂ ಅವರ ತಲೆಗಳಿಗೂ ನಡುವೆ ಕಾಲು ಇಂಚು ದಪ್ಪದ ಏನೋ ಒಂದು ನಿಂತಿತ್ತು. ಅದನ್ನು ನಿಲ್ಲಿಸಿದವಳು ತಾನು.

ಬರುವಾಗ ಭೀಮಣ್ಣ ಬೇಕೆಂದೇ ಹೊಲದ ದಾರಿಗೆ ಇಳಿಸಿದ. ಹಳ್ಳ, ಕಲ್ಲು, ಒಡ್ಡು ಎಲ್ಲ ಹತ್ತಿಸಿದ. ಜೀಪು ಕುಲುಕಿತು, ಅಸ್ತರ ಕುಲುಕಲಿಲ್ಲ. ಮತ್ತೆ ರಸ್ತೆಗೆ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಲಕ್ಷ್ಮೀಬಾಯಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಭೀಮಣ್ಣ ತಾನಾಗಿಯೇ ಗಾಡಿ ನಿಧಾನ ಮಾಡಿದ.

ಮಲಕಾಜಪ್ಪ ಅಂಗಳದಲ್ಲೇ ಇದ್ದ. ಹೋಟಗಿಯಿಂದ ಇನ್ನೊಂದು ಜೀಪು ಬಂದು ನಿಂತಿತ್ತು, ಅಂಥದೇ ಟಾಪು. ಅದರ ಯಜಮಾನ ಯೋಗಿರಾಜ ತನ್ನ ಡ್ರೈವರನ ಜೊತೆ ನಿಂತು ಬೆವರು ಒರೆಸಿಕೊಳ್ಳುತ್ತ ಕಾಯುತ್ತಿದ್ದ. ಮಲಕಾಜಪ್ಪ ಭೀಮಣ್ಣನ ಜೀಪಿನ ಬಾಗಿಲು ತೆರೆದು ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಟಕ್ ಟಕ್ ಎಂದು ಅವನು ಬಡಿಯುವುದು ಕೇಳುತ್ತಿತ್ತು. ಮೂಲೆಗಳಲ್ಲಿ ಉಗುರು ಹಾಕಿ ಎಬ್ಬಿಸಲು ನೋಡಿದ. ಏಳಲಿಲ್ಲ. ನಿದ್ದೆಗಣ್ಣಿನ ಲಕ್ಷ್ಮೀಬಾಯಿ ಅವನಿಗೆ ಹೇಳಿದಳು.

"ಮಲಕಾಜಪ್ಪ ಕಾಕಾ, ಏನ್ ಹುಡುಕಾಕತ್ತೀರಿ? ತಪ್ಪು ಇಲ್ಲ ಅಲ್ಲಿ. ನಾ ಹೋಗ್ತ ಬರ್ತ ಹುಡುಕೀನಿ."

ಮಲಕಾಜಪ್ಪ ಹೊರಗೆ ಬಂದು ಅಂಗೈ ಒರೆಸಿಕೊಂಡ. ಯೋಗಿರಾಜ ಅವನ ಹತ್ತಿರ ಬಂದು, ಇಂಥದೇ ತನಗೂ ಬೇಕು, ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದ.

"ನನ್ನ ಕೇಳಬ್ಯಾಡ್ರಿ," ಎಂದ ಮಲಕಾಜಪ್ಪ. "ಮಿಸ್ತ್ರಿ ಅಲ್ಲಿ ನಿಂತಾಳ."

ಯೋಗಿರಾಜ ಸುತ್ತ ನೋಡಿದ. ನೀಲಾಬಾಯಿಯ ಹಿಂದೆ ಯಾರಾದರೂ ಇದ್ದಾರೇನೋ ಎಂದು ಹುಡುಕಿದ. ಯಾರೂ ಇರಲಿಲ್ಲ.

"ಎರಡ ದಿನ," ಎಂದಳು ನೀಲಾಬಾಯಿ. ಅವಳ ದನಿ ಅಂಗಳದ ಆಚೆಯವರೆಗೂ ಕೇಳಿತು. "ಮೊದಲ ಟಾಪ್ ಕೆಳಗ ಇಳಸ್ರಿ. ಮೂರ ಮಂದಿ ಅದೀರಿ, ಇನ್ನೊಬ್ಬರು ಬೇಕು."

ಮಲಕಾಜಪ್ಪ ಅಂಗಿಯ ತೋಳು ಮಡಚಿಕೊಂಡು ನಾಲ್ಕನೆಯ ಮೂಲೆ ಹಿಡಿದ.