ಬಾವಿಗೆ ರೇಷ್ಮೆ ಉಟ್ಟು ಬಂದವಳು

ಮೊಮ್ಮಗಳು ಚಳ್ಳಕೆರೆಯ ಶಾಲೆಯಲ್ಲಿ ಟೀಚರು. ಜೊತೆಯ ಕ್ರೈಸ್ತ ಟೀಚರೊಬ್ಬರು ಕೊಟ್ಟ ಕ್ಯಾಲೆಂಡರನ್ನು ತಂದು, ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗದ ಎದುರಿನ ಗೋಡೆಗೆ ಹಾಕಿದಳು. ಅದರ ಆ ತಿಂಗಳ ಹಾಳೆಯಲ್ಲಿ ಹಳೇ ಕಾಲದ ಪರದೇಶದವನೊಬ್ಬ ಎಣ್ಣೆಬಣ್ಣದಲ್ಲಿ ಬರೆದ ಚಿತ್ರ. ಬೈಬಲ್ಲಿನ ಕಥೆಯಂತೆ. ಯಜಮಾನನ ಮಗನಿಗೆ ಹೆಣ್ಣು ಹುಡುಕುತ್ತಾ ಬಂದ ಮುದುಕ ಆಳಿಗೂ ಅವನ ಒಂಟೆಗಳಿಗೂ ಬಾವಿಯ ಹತ್ತಿರ ಒಬ್ಬ ಹುಡುಗಿ ನೀರು ಕೊಡುತ್ತಾಳೆ. ಅವನು ಅವಳಿಗೆ ಬಳೆ ಕೊಡುತ್ತಾನೆ.

"ರೇಷ್ಮೆ ಉಟ್ಕಂಡು ಯಾರೇ ನೀರಿಗೆ ಹೋಗ್ತಾರೆ? ಅಷ್ಟು ಒಂಟೆಗೆ ನೀರು ಸೇದ್ಯಾಳೆ, ಒಂದು ಹನಿ ಬೆವರಿಲ್ಲ," ಎಂದೆ. ಬರೆದವನು ಮುದುಕನ ಕೆನ್ನೆಗೂ ಗುಲಾಬಿ ಬಳಿದಿದ್ದ.

"ಬೆವರು ಬಿಡವ್ವಾ. ನನ್ನ ಮದುವೆ ಸೀರೆ ಇವಳ ಬಟ್ಟೆ ಬಣ್ಣದ್ದೇ ಆಗ್ಬೇಕು," ಎಂದಳು. ನಮ್ಮ ತೆಲುಗು ಮನೆಯಲ್ಲಿ ಅಜ್ಜಿಯೇ ಅವ್ವ.

ನನ್ನ ಮಗ, ಅಂದರೆ ಅವಳಪ್ಪ, ಬಣ್ಣ ಹಾಕುವವನಿಗೆ ಚಿತ್ರದ ಫೋಟೊ ತೋರಿಸಿ ರೇಷ್ಮೆ ಲಡಿ ಅದ್ದಿಸಿ ತಂದ. ಅಲ್ಲ ಎಂದಳು. ನೀಲಿ ಹೆಚ್ಚು ಮಾಡಿಸಿದ. ಅದೂ ಅಲ್ಲ. ಮೂರನೆಯದು ಬದನೆಕಾಯಿ ಬಣ್ಣಕ್ಕೆ ಬಂತು.

"ಇವ್ಳಿಗೇನು ಬೇಕಂತ ಇವ್ಳಿಗೇ ಗೊತ್ತಿಲ್ಲ. ಕುಂಕುಮ ಬಣ್ಣದ್ದು ನೇಯ್ತೀನಿ, ಸುಮ್ನೆ ಉಟ್ಕಳ್ಳಲಿ," ಎಂದು ಮಗ ರೇಗಿದ. ಹುಡುಗಿ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತಳು, ಉಣ್ಣಲಿಲ್ಲ. ಅಳುಮೋರೆ ಕಂಡರೆ ನನಗಾಗದು. ಎದ್ದು ಹೋಗಿ ಚಿತ್ರದ ಮುಂದೆ ನಿಂತೆ.

ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಎಳೆ ಎಳೆಯೂ ಕಾಣುತ್ತದೆ. ಚಿತ್ರದವಳ ತೋಳು ಉಬ್ಬಿದ ಕಡೆ ಬಟ್ಟೆ ಗುಲಾಬಿ, ಮಡಿಕೆಯ ಒಳಗೆ ನೀಲಿ. ಅದು ಒಂದು ಬಣ್ಣವೇ ಅಲ್ಲ. ಉದ್ದಕ್ಕೆ ಹೋಗುವ ಎಳೆ, ಹಾಸು, ಒಂದು ಬಣ್ಣ, ಅಡ್ಡ ಹೋಗುವ ಹೊಕ್ಕು ಇನ್ನೊಂದು. ಓರೆ ಮಾಡಿದರೆ ಬಣ್ಣ ಬದಲಾಗುವ ನಮ್ಮ ನವಿಲುಕಂಠದ ಸೀರೆಯ ಹಾಗೇ. ಮಗ್ಗದ ಮನೆಯವರಾಗಿದ್ದೂ ನಾವು ಅದನ್ನು ಬಣ್ಣದವನ ಹಂಡೆಯಲ್ಲಿ ಹುಡುಕುತ್ತಿದ್ದೆವು.

ಹಿಂದಿನ ಸೀರೆ ಕೊಯ್ದ ಮೇಲೆ ಮಗ್ಗದಲ್ಲಿ ಗುಲಾಬಿ ಹಾಸು ಒಂದಿಷ್ಟು ಉಳಿದಿತ್ತು. ನೀಲಿ ಎಳೆಯನ್ನು ಕಂಡಿಕೆಗೆ ಸುತ್ತಿ, ಲಾಳಿಗೆ ಹಾಕಿ, ನಾಲ್ಕು ಬೆರಳಗಲ ನೇಯ್ದೆ. ಮಂಡಿ ಎರಡು ದಿನ ನೋವು ಕೊಟ್ಟಿತು, ಅದು ಬೇರೆ. ತುಂಡನ್ನು ಕೊಯ್ದು ಕೊಟ್ಟಾಗ ಮೊಮ್ಮಗಳು ಮಡಚಿ, ಬಾಗಿಲ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದಳು.

"ಇದೇ ಅವ್ವಾ! ಇದೇ!"

"ಉಟ್ಕ. ಒಂಟೆಗೆ ನೀರು ಸೇದಾಕೆ ಮಾತ್ರ ಹೋಗಬ್ಯಾಡ."

ಮಗ ಹೊಸ ಗುಲಾಬಿ ಹಾಸು ಹೂಡಿದ. ಈಗ ಅರ್ಧ ಸೀರೆ ಆಗಿದೆ. ಕ್ಯಾಲೆಂಡರಿನ ತಿಂಗಳು ಮುಗಿದಿದೆ. ಸೀರೆ ಕೊಯ್ಯುವವರೆಗೆ ಹಾಳೆ ಯಾರೂ ತಿರುಗಿಸಬಾರದೆಂದು ಹೇಳಿದ್ದೇನೆ.